ಒಂದೂವರೆ ಅಡಿ

ಶನಿವಾರ, ಜುಲೈ 13, 2024

ಇವತ್ತು ಮಸಾಲೆ ದೋಸೆ ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. ಡಾಕ್ಟರಮ್ಮ ಪಲ್ಯ ಕೆದಕುತ್ತ ಕುಳಿತರು. ಲಾಯರಮ್ಮ ಎರಡು ಕಾಫಿ ಕುಡಿದಳೇ ಹೊರತು ತಟ್ಟೆ ಮುಟ್ಟಲಿಲ್ಲ. ಶನಿವಾರದ ಗಾಲ್ಫ್‌ನಲ್ಲಿ ಸೋತ ಜೋಡಿಯೇ ತಿಂಡಿಯ ಬಿಲ್ ಕೊಡಬೇಕೆಂಬುದು ನಮ್ಮ ನಾಲ್ವರ ಕಟ್ಟಳೆ. ಹಣ ತೆತ್ತವರು ನಾನು ಮತ್ತು ಅವಳು. ಹಾಗಾಗಿ ನಾನೊಬ್ಬಳು ಹಟಕ್ಕೆ ಬಿದ್ದು ಪೂರ್ತಿ ತಿಂದೆ.

ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು. ನಿನ್ನೆ ಆಷಾಢ ಶುಕ್ರವಾರ, ಚಾಮುಂಡಿ ಬೆಟ್ಟದ ದಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವತ್ತು ರಸ್ತೆ ಖಾಲಿ, ಕೋರ್ಸ್ ಖಾಲಿ, ಗಾಳಿ ಮಾತ್ರ ಭರ್ತಿ. ಆಷಾಢದ ಗಾಳಿಗೆ ಎದುರಾಗಿ ನಾವು ದೂರ ಹೊಡೆಯುವ ಕೋಲು, ಡ್ರೈವರ್, ಬೀಸಿದರೆ ಚೆಂಡು ಮೇಲಕ್ಕೇರುತ್ತದೆ, ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ, ಆಮೇಲೆ ಹೋಗುವ ಮನಸ್ಸಿಲ್ಲದೆ ಅಲ್ಲಿಯೇ ಬೀಳುತ್ತದೆ. ಕೊಡಗಿನ ಅಕ್ಕ ಮಾತ್ರ ಐರನ್ ಎಂಬ ಲೋಹದ ಕೋಲು ತೆಗೆದುಕೊಂಡು ನೆಲಕ್ಕೆ ಹತ್ತಿರವಾಗಿ, ಗಾಳಿಯ ಕಣ್ಣು ತಪ್ಪಿಸಿ ಹೊಡೆಯುತ್ತಾರೆ. ಅವರ ಅಪ್ಪ ಎಸ್ಟೇಟಿನಿಂದ ಜೀಪಿನಲ್ಲಿ ಕರೆದುಕೊಂಡು ಹೋಗಿ ಚಿಕ್ಕಂದಿನಲ್ಲೇ ಕಲಿಸಿದ ಹೊಡೆತ ಅದು. ನಮ್ಮ ಹಾಗೆ ಪಿಂಚಣಿ ಶುರುವಾದ ಮೇಲೆ, ಮಧುಮೇಹಕ್ಕೆ ನಡಿಗೆ ಒಳ್ಳೆಯದು ಎಂಬ ನೆಪದಲ್ಲಿ ಕಲಿತದ್ದಲ್ಲ.

ಮೂರನೆಯ ಹೋಲ್‌ನಲ್ಲಿ, ಅಂದರೆ ಮೂರನೆಯ ಗುಳಿಯ ಆಟದಲ್ಲಿ, ನಾಯಿಯ ಪ್ರಕರಣ ನಡೆಯಿತು. ಗೇಟಿನ ಕಂದು ನಾಯಿ ನನ್ನ ಚೆಂಡನ್ನು ಬಾಯಲ್ಲಿ ಕಚ್ಚಿಕೊಂಡು, ತನಗೇ ಬಹುಮಾನ ಬಂದಂತೆ ಬಾಲವೆತ್ತಿ ಹೊರಟಿತು. ನಮ್ಮ ಚೀಲ ಹೊರುವ ಕ್ಯಾಡಿ ಅಣ್ಣ ಟವೆಲ್ ಬೀಸುತ್ತ ಅದರ ಹಿಂದೆ ಓಡಿದರು. ಲಾಯರಮ್ಮ ಫೇರ್‌ವೇ ಹುಲ್ಲುದಾರಿಯ ನಡುವೆಯೇ ನಿಂತು ತೀರ್ಪು ಕೊಟ್ಟಳು: ಪ್ರಾಣಿ ಎತ್ತಿಕೊಂಡು ಹೋದರೆ ದಂಡವಿಲ್ಲ, ಚೆಂಡು ಮೊದಲು ಎಲ್ಲಿತ್ತೋ ಅಲ್ಲಿ ಇನ್ನೊಂದನ್ನು ಇಟ್ಟು ಆಡಬೇಕು.

“ಎಲ್ಲಿತ್ತು?” ಎಂದರು ಡಾಕ್ಟರಮ್ಮ. “ಮರಳಿನ ಬಂಕರಿನಲ್ಲಿ ಅಲ್ಲವೇ?”

“ಇಲ್ಲ ಮೇಡಂ, ಗ್ರೀನ್ ಪಕ್ಕದಲ್ಲೇ ಇತ್ತು” ಎಂದರು ಕ್ಯಾಡಿ ಅಣ್ಣ, ಏದುಸಿರು ಬಿಡುತ್ತ (ಗ್ರೀನ್ ಎಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲು). ಹುಡುಗನಾಗಿದ್ದಾಗಿನಿಂದ ಈ ಕೋರ್ಸಿನಲ್ಲಿರುವ ಮನುಷ್ಯ. ನಿಯಮ, ನಿಷ್ಠೆ ಎರಡೂ ಬಲ್ಲವರು. ಎರಡರಲ್ಲಿ ಯಾವುದು ಯಾವಾಗ ಮುಖ್ಯವೆಂಬುದನ್ನೂ ಬಲ್ಲವರು. ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಇದನ್ನು ಇಲ್ಲಿ ಬರೆದಿಡುತ್ತಿರುವುದು ಅದಕ್ಕೇ. ಆರು ಹೋಲ್‌ಗಳ ನಂತರ ನಡೆದದ್ದಕ್ಕೂ ಆ ನಗುವಿಗೂ ಹೊಂದಿಸಲು ನೋಡುತ್ತಿದ್ದೇನೆ, ಹೊಂದುತ್ತಿಲ್ಲ.

ಒಂಬತ್ತನೆಯ ಗ್ರೀನ್‌ಗೆ ಬಂದಾಗ ಎರಡು ಜೋಡಿಯೂ ಸಮಸಮ. ನಾನು ಮತ್ತು ಲಾಯರಮ್ಮ ಒಂದು ಕಡೆ, ಡಾಕ್ಟರಮ್ಮ ಮತ್ತು ಅಕ್ಕ ಇನ್ನೊಂದು ಕಡೆ. ನಾನು ಆಗಲೇ ಮರಗಳ ಮಧ್ಯೆ ಲೆಕ್ಕ ತಪ್ಪಿಸಿಕೊಂಡು ಚೆಂಡು ಜೇಬಿಗೆ ಹಾಕಿಕೊಂಡಿದ್ದೆ. ಅಕ್ಕ ಮುಗಿಸಿದ್ದರು. ಲಾಯರಮ್ಮನಿಗೆ ಉಳಿದಿದ್ದದ್ದು ಒಂದೂವರೆ ಅಡಿ. ಅದು ಬಿದ್ದರೆ ಆಟ ಸಮ, ಬಿಲ್ ಅರ್ಧರ್ಧ.

ಹೋಲ್ ಹೋಲಿಗೆ ಗೆಲುವು ಎಣಿಸುವ ಮ್ಯಾಚ್ ಪ್ಲೇಯಲ್ಲಿ ಎದುರಾಳಿಯ ಚೆಂಡು ಗುಳಿಯ ಹತ್ತಿರ ನಿಂತಾಗ “ಆಯಿತು, ತೆಗೆದುಕೊಳ್ಳಿ” ಎನ್ನಬಹುದು. ಆಗ ಅದು ಬಿದ್ದಂತೆಯೇ ಲೆಕ್ಕ. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇಯಲ್ಲಿ ಈ ದಾನಧರ್ಮವಿಲ್ಲ, ಚೆಂಡು ಗುಳಿಯೊಳಗೆ ಬೀಳಲೇಬೇಕು. ಎಷ್ಟು ದೂರದವರೆಗೆ ಕೊಡಬಹುದೆಂದು ನಿಯಮದ ಪುಸ್ತಕ ಹೇಳುವುದಿಲ್ಲ. ನಮ್ಮಲ್ಲಿ ಅದು ಚೆಂಡನ್ನು ಗುಳಿಗೆ ಉರುಳಿಸುವ ಪಟರ್ ಕೋಲಿನ ಉದ್ದದಿಂದ ಶುರುವಾಗಿ ಕೊಡೆಯ ಉದ್ದಕ್ಕೆ ಬೆಳೆಯಿತು. ಹನಿ ಉದುರುವ ದಿನ, ಯಾರಿಗಾದರೂ ಮೊಣಕಾಲು ಹಿಡಿದ ದಿನ, ಸೊಸೆಯ ಜೊತೆ ಮಾತು ಬಿಟ್ಟ ದಿನ ಇನ್ನೂ ಉದಾರವಾಗುತ್ತದೆ. ಅದರಲ್ಲಿ ಎತ್ತಿದ ಕೈ ಡಾಕ್ಟರಮ್ಮನದೇ. ಚೆಂಡು ಇನ್ನೂ ಉರುಳುತ್ತಿರುವಾಗಲೇ “ಕೊಟ್ಟೆ, ಕೊಟ್ಟೆ” ಎನ್ನುವವರು ಅವರು.

ಇವತ್ತು ಅವರು ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದರು.

ಲಾಯರಮ್ಮ ಬಗ್ಗಿ ಚೆಂಡು ಎತ್ತಿಕೊಳ್ಳುವ ಭಂಗಿಯಲ್ಲೇ ನಿಂತಳು. “ಡಾಕ್ಟರೇ?”

“ಹಾಕಿಬಿಡಿ” ಎಂದರು, ಇತ್ತ ತಿರುಗದೆ.

ಲಾಯರಮ್ಮ ನಕ್ಕಳು. ತಮಾಷೆ ಎಂದುಕೊಂಡಿದ್ದಳು. ಮತ್ತೆ ನೋಡಿದಳು. ತಮಾಷೆಯಾಗಿರಲಿಲ್ಲ. ಟೋಪಿ ಸರಿಮಾಡಿಕೊಂಡಳು, ಕನ್ನಡಕ ತೆಗೆದು ಒರೆಸಿದಳು, ಮಂಗಳಸೂತ್ರವನ್ನು ಟೀ ಶರ್ಟಿನೊಳಗೆ ಸೇರಿಸಿಕೊಂಡಳು. ಹೈಕೋರ್ಟಿನಲ್ಲಿ ವಾದ ಮಾಡಿದವಳ ಕೈ ನಡುಗುವುದನ್ನು ನಾನು ನೋಡಿದ್ದು ಇದೇ ಮೊದಲು. ಗುಳಿಯ ಅಗಲ ನಾಲ್ಕೂಕಾಲು ಇಂಚು, 108 ಮಿಲಿಮೀಟರ್. ಇಡೀ ಜಗತ್ತಿನಲ್ಲಿ ಎಲ್ಲ ಕಡೆಯೂ ಅಷ್ಟೇ. ಆ ಹೊತ್ತಿಗೆ ಅದು ಮುಚ್ಚಿಕೊಂಡಂತೆ ಕಂಡಿತು. ಚೆಂಡು ಅಂಚಿಗೆ ತಾಗಿ, ಅರ್ಧ ಸುತ್ತು ಬಂದು, ಹೊರಗೆ ನಿಂತಿತು.

ಯಾರೂ ಮಾತನಾಡಲಿಲ್ಲ. ಕ್ಯಾಡಿ ಅಣ್ಣ ಬಾವುಟದ ಕೋಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದರು.

ಕಾಫಿಯ ಹೊತ್ತಿಗೆ ಲಾಯರಮ್ಮ ಮೊಕದ್ದಮೆ ಹೂಡಿದಳು. ಅವಳ ಹತ್ತಿರ ಎಲ್ಲದಕ್ಕೂ ಹಳೆಯ ತೀರ್ಪೊಂದು ಇರುತ್ತದೆ. ಈ ಸಲ 2015ರ ಸೋಲ್‌ಹೈಮ್ ಕಪ್, ಜರ್ಮನಿಯಲ್ಲಿ ನಡೆದದ್ದು, ಅಮೆರಿಕದ ಹೆಂಗಸರಿಗೂ ಯುರೋಪಿನ ಹೆಂಗಸರಿಗೂ. ಹದಿನೇಳನೆಯ ಗ್ರೀನ್‌ನಲ್ಲಿ ಅಮೆರಿಕದ ಆಲಿಸನ್ ಲೀಗೆ ಉಳಿದದ್ದು ಸುಮಾರು ಒಂದೂವರೆ ಅಡಿ (“ಅದೂ ಒಂದೂವರೆಯೇ, ಗಮನಿಸಿ”). ಎದುರಾಳಿ ಚಾರ್ಲಿ ಹಲ್ ಆಗಲೇ ಗ್ರೀನ್ ಬಿಟ್ಟು ಹೊರಟಿದ್ದರು. ಕೊಟ್ಟರೆಂದೇ ತಿಳಿದು ಲೀ ಚೆಂಡು ಎತ್ತಿಕೊಂಡರು. ಹಲ್ ಅವರ ಜೋಡಿ ಸುಸಾನ್ ಪೆಟರ್ಸನ್ “ಕೊಟ್ಟಿರಲಿಲ್ಲ” ಎಂದರು. ಹೋಲ್ ಯುರೋಪಿಗೆ ಹೋಯಿತು, ಆ ಪಂದ್ಯವೂ ಹೋಯಿತು. ಲೀ ಅತ್ತರು, ಹಲ್ ಕೂಡ ಅತ್ತರು. ಸಿಟ್ಟೆದ್ದ ಅಮೆರಿಕ ಅದೇ ದಿನದ ಸಿಂಗಲ್ಸ್‌ನಲ್ಲಿ 10–6ರ ಹಿನ್ನಡೆಯನ್ನು ದಾಟಿ 14.5–13.5ರಿಂದ ಕಪ್ ಎತ್ತಿತು. ಪೆಟರ್ಸನ್ ಆಮೇಲೆ ಕ್ಷಮೆ ಕೇಳಿದರು.

“ಕ್ಷಮೆ ಕೇಳಿದರು” ಎಂಬುದನ್ನು ಲಾಯರಮ್ಮ ಎರಡು ಸಲ ಹೇಳಿದಳು.

“ಅಲ್ಲಿ ಹುಡುಗಿ ಕೇಳದೆ ಎತ್ತಿಕೊಂಡಳು. ನೀವು ಕೇಳಿದಿರಿ, ನಾನು ಹೇಳಿದೆ” ಎಂದರು ಡಾಕ್ಟರಮ್ಮ. ರೋಗಿಗೆ ವರದಿ ಓದಿ ಹೇಳುವ ಧ್ವನಿ.

ಅಕ್ಕ ಮಧ್ಯೆ ಬಾಯಿ ಹಾಕಿ 1969ರ ರೈಡರ್ ಕಪ್, ಅಮೆರಿಕ–ಬ್ರಿಟನ್ ಗಂಡಸರ ಪಂದ್ಯದ ಕಥೆ ತೆಗೆದರು. ಅಪ್ಪನ ಬಾಯಿಂದ ಕೇಳಿದ್ದಂತೆ. ಕೊನೆಯ ಗ್ರೀನ್‌ನಲ್ಲಿ ಜ್ಯಾಕ್ ನಿಕ್ಲಾಸ್ ಎದುರಾಳಿ ಟೋನಿ ಜ್ಯಾಕ್ಲಿನ್‌ರ ಪಟ್ ಅನ್ನು (ಗುಳಿಗೆ ಉರುಳಿಸುವ ಹೊಡೆತ) ತಾವಾಗಿ ಕೊಟ್ಟುಬಿಟ್ಟರು, ಇಡೀ ಕಪ್ 16–16ರಲ್ಲಿ ಸಮವಾಯಿತು. ಜಗತ್ತು ಹೊಗಳಿತು. ನಿಕ್ಲಾಸ್‌ರ ಸ್ವಂತ ತಂಡದ ನಾಯಕ ಸ್ಯಾಮ್ ಸ್ನೀಡ್‌ಗೆ ಮಾತ್ರ ಮೈಯೆಲ್ಲ ಉರಿದಿತ್ತು. ಅಕ್ಕ ಇದನ್ನು ಯಾರ ಪರವಾಗಿ ಹೇಳಿದರೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಅವರಿಗೂ ತಿಳಿದಿರಲಾರದು.

ಕೈ ತೊಳೆಯುವಲ್ಲಿ ಡಾಕ್ಟರಮ್ಮ ನನಗೊಬ್ಬಳಿಗೇ ಹೇಳಿದರು. ಕಳೆದ ತಿಂಗಳು ಬೆಂಗಳೂರಿನಲ್ಲಿ ತಂಗಿಯ ಕ್ಲಬ್ಬಿನ ಹೆಂಗಸರ ಜೊತೆ ಆಡಲು ಹೋಗಿದ್ದರಂತೆ. ಸ್ಟ್ರೋಕ್ ಪ್ಲೇ. ದೂರದ ಹೊಡೆತವೆಲ್ಲ ಚೆನ್ನಾಗಿಯೇ ಹೋಯಿತು. ಗುಳಿಯ ಹತ್ತಿರ ಬಂದಾಗಲೆಲ್ಲ ಅಭ್ಯಾಸಬಲದಿಂದ ಯಾರಾದರೂ “ಆಯಿತು” ಎನ್ನಲಿ ಎಂದು ಕಾದರು. ಯಾರೂ ಎನ್ನಲಿಲ್ಲ. ಎರಡು ಅಡಿ, ಒಂದು ಅಡಿ, ಎಲ್ಲ ತಪ್ಪಿತು. ಪಕ್ಕದಲ್ಲಿದ್ದ ಇಪ್ಪತ್ತರ ಹುಡುಗಿ “ಪರವಾಗಿಲ್ಲ ಆಂಟಿ” ಎಂದಳಂತೆ.

“ಇಷ್ಟು ವರ್ಷ ನನಗೆ ಒಂದು ಅಡಿಯ ಪಟ್ ಹಾಕಲು ನೀವು ಯಾರೂ ಬಿಡಲಿಲ್ಲ. ಕೊಟ್ಟು ಕೊಟ್ಟು ನನ್ನನ್ನು ಕೆಡಿಸಿದಿರಿ” ಎಂದರು. ಆಮೇಲೆ ಇನ್ನೊಂದು ಮಾತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ 1867ರಲ್ಲಿ ಹೆಂಗಸರಿಗೆಂದು ಕ್ಲಬ್ ಆದಾಗ ಅವರಿಗೆ ಸಿಕ್ಕಿದ್ದು ಬರೀ ಪಟ್ ಮಾಡುವ ಹುಲ್ಲುಹಾಸು. ಕೋಲನ್ನು ಭುಜದ ಮೇಲಕ್ಕೆ ಎತ್ತುವುದು ಹೆಣ್ಣಿಗೆ ಶೋಭೆಯಲ್ಲ ಎಂದು ಆ ಕಾಲದ ಗಂಡಸರ ಮತ. “ಅವರಿಗೆ ಪಟ್ ಒಂದೇ ಇತ್ತು. ನಾವು ಅದೊಂದನ್ನೇ ಬಿಟ್ಟು ಮಿಕ್ಕಿದ್ದೆಲ್ಲ ಆಡುತ್ತಿದ್ದೇವೆ.”

ನಗು ಬಂತು. ನಗಬೇಕೋ ಬೇಡವೋ ತಿಳಿಯದೆ ಕೈ ಒರೆಸಿಕೊಂಡೆ. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಆದರೆ ಅದನ್ನು ಮೊದಲನೆಯ ಟೀಯಲ್ಲೇ, ಆಟ ಶುರುಮಾಡುವ ಜಾಗದಲ್ಲೇ, ಹೇಳಬಹುದಿತ್ತು. ಒಂಬತ್ತನೆಯ ಗ್ರೀನ್‌ನಲ್ಲಿ, ಅದೂ ಬಿಲ್ ಯಾರದೆಂದು ತೀರ್ಮಾನವಾಗುವ ಪಟ್‌ಗೆ, ಇದ್ದಕ್ಕಿದ್ದಂತೆ ಜ್ಞಾನೋದಯವಾದರೆ ಲಾಯರಮ್ಮ ನಂಬುವುದು ಹೇಗೆ?

ಸಂಜೆ ನಾದಿನಿಯ ಫೋನ್. ಶ್ರಾವಣದಲ್ಲಿ ಅವಳ ಮಗಳ ಮದುವೆ, ಅರಿಶಿನ ಕುಂಕುಮ ಕೊಡುವ ಕೆಲಸ ನನ್ನದಂತೆ. ಒಪ್ಪಿಕೊಂಡ ಮೇಲೆ ಕೈ ನೋಡಿಕೊಂಡೆ. ಗ್ಲೌಸ್ ಹಾಕುವುದು ಎಡಗೈಗೆ ಮಾತ್ರ. ಎಡಗೈ ಮಣಿಕಟ್ಟಿನವರೆಗೆ ಬೆಳ್ಳಗೆ, ಬಲಗೈ ಕೆಂಡದಲ್ಲಿ ಸುಟ್ಟ ಬದನೆಕಾಯಿ. ಹೋದ ವರ್ಷ ಒಂದು ಆರತಕ್ಷತೆಯಲ್ಲಿ ದೂರದ ಚಿಕ್ಕಮ್ಮ ನನ್ನನ್ನು ಕಂಬದ ಮರೆಗೆ ಕರೆದು, “ಯಾವಾಗಿನಿಂದ ಹೀಗಾಗಿದೆ? ಚರ್ಮದ ಡಾಕ್ಟರಿಗೆ ತೋರಿಸಿದೆಯಾ?” ಎಂದು ಕೇಳಿದ್ದರು. ಗಾಲ್ಫ್ ಎಂದೆ. ರೋಗದ ಹೆಸರೆಂದುಕೊಂಡರೋ ಏನೋ, “ಈಗ ಎಲ್ಲದಕ್ಕೂ ಔಷಧ ಇದೆ, ಹೆದರಬೇಡ” ಎಂದು ಕೈ ಸವರಿದರು. ಬಳೆ ಜಾಸ್ತಿ ಹಾಕಿಕೊಳ್ಳಬೇಕು. ಅಥವಾ ಬಲಗೈಗೂ ಒಂದು ಗ್ಲೌಸ್. ಮಳೆಗಾಲದಲ್ಲಿ ಎರಡೂ ಕೈಗೆ ಹಾಕುವವರಿದ್ದಾರೆ, ಯಾರೂ ಕೇಳುವುದಿಲ್ಲ.

ಅತ್ತೆಗೆ ಶನಿವಾರದ ವರದಿ ಬೇಕೇ ಬೇಕು. ಊಟದ ಹೊತ್ತಿಗೆ ಕೇಳಿದರು, “ಗೆದ್ದೆಯಾ?”

“ಇಲ್ಲ ಅತ್ತೆ.”

“ಎಷ್ಟು ಹೊಡೆದೆ?”

“ಅರವತ್ತರ ಹತ್ತಿರ.”

“ಅಷ್ಟು ಹೊಡೆದರೂ ಸೋತೆಯಾ?”

ಕಡಿಮೆ ಹೊಡೆದವರೇ ಗೆದ್ದಂತೆ ಎಂದು ಅವರಿಗೆ ಎಷ್ಟು ಸಲ ಹೇಳಿದರೂ ಒಪ್ಪಿಗೆಯಿಲ್ಲ. ಹ್ಯಾಂಡಿಕ್ಯಾಪ್ ಅಂತೂ ಬಿಡಿ. ಕಡಿಮೆ ಬಲ್ಲವರಿಗೆ ಹೆಚ್ಚು ಹೊಡೆತದ ರಿಯಾಯಿತಿ, 2020ರಿಂದ ಅದು ಗಂಡಸರಿಗೂ ಹೆಂಗಸರಿಗೂ 54ರವರೆಗೆ ಸಿಗುತ್ತದೆ ಎಂದಾಗ, “ಹಾಗಾದರೆ ಕಲಿಯುವುದು ಯಾಕೆ?” ಎಂದಿದ್ದರು. ಇವತ್ತು ಒಂದೂವರೆ ಅಡಿಯ ಕಥೆಯನ್ನು ಪೂರ್ತಿ ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ಕೇಳಿದರು.

“ಅಶೋಕರ ಮಗಳು ಅವತ್ತು ಬೆಳಿಗ್ಗೆ ಆಡಿದಳಲ್ಲ, ಟಿವಿಯಲ್ಲಿ. ಅವಳಿಗೂ ಕೊನೆಯಲ್ಲಿ ಹೀಗೇ ಪಕ್ಕಕ್ಕೆ ಹೋಯಿತು.”

ಅದಿತಿ ಅಶೋಕ್. 2021ರ ಆಗಸ್ಟ್, ಟೋಕಿಯೋ ಒಲಿಂಪಿಕ್ಸ್. ಕೊನೆಯ ಗ್ರೀನ್‌ನಲ್ಲಿ ಬರ್ಡಿ ಪಟ್ (ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಮುಗಿಸುವುದು) ತಪ್ಪಿ, ಒಂದೇ ಹೊಡೆತದಿಂದ ಕಂಚು ಕೈಬಿಟ್ಟು, ನಾಲ್ಕನೆಯ ಸ್ಥಾನ. ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ನಮ್ಮ ಬೀದಿಯೆಲ್ಲ ಅವತ್ತು ಟಿವಿ ಮುಂದಿತ್ತು. ಮುಂದಿನ ತಿಂಗಳು ಪ್ಯಾರಿಸ್‌ನಲ್ಲಿ ಮತ್ತೆ ಆಡುತ್ತಾಳೆ, ಅವಳ ಮೂರನೆಯ ಒಲಿಂಪಿಕ್ಸ್, ಹೇಳಿದೆ. ಅತ್ತೆಗೆ ನೆನಪಿರುವುದು ಅದಲ್ಲ.

“ಅವಳ ಚೀಲ ಅವಳ ಅಮ್ಮನೇ ಹೊತ್ತಿದ್ದಳು. ಪಕ್ಕದಲ್ಲಿ ಅಮ್ಮ ಇದ್ದೂ, ಇನ್ನೊಬ್ಬರು ಯಾರೂ ‘ಹೋಗಲಿ, ಬಿಡಮ್ಮ, ಬಿದ್ದ ಹಾಗೆ’ ಎನ್ನಲಿಲ್ಲವಲ್ಲ.”

“ಅಲ್ಲಿ ಹಾಗೆ ಎನ್ನುವ ಹಾಗಿಲ್ಲ ಅತ್ತೆ.”

“ನಿಮ್ಮಲ್ಲಿ ಎನ್ನಬಹುದು ತಾನೆ?”

“ಎನ್ನಬಹುದು.”

“ಡಾಕ್ಟರು ಎನ್ನಲಿಲ್ಲ, ಸರಿ. ಆ ಕೊಡಗಿನವಳೂ ಅವರ ಕಡೆಯವಳೇ ಅಲ್ಲವೇ? ಅವಳು ಯಾಕೆ ಎನ್ನಲಿಲ್ಲ?”

ಅನ್ನ ಕಲಸುತ್ತಿದ್ದವಳು ಅಲ್ಲಿಗೇ ನಿಂತೆ. ನಿಯಮದ ಪ್ರಕಾರ ಜೋಡಿಯಲ್ಲಿ ಯಾರು ಬೇಕಾದರೂ ಕೊಡಬಹುದು. ಅಕ್ಕನಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರು ಗ್ರೀನ್ ಪಕ್ಕದಲ್ಲಿ, ಪಟರ್ ಮೇಲೆ ಗದ್ದವೂರಿ ನೋಡುತ್ತ ನಿಂತಿದ್ದರು. ಕಾರಿನಲ್ಲಿ ಬರುವಾಗ ಲಾಯರಮ್ಮ ಕಿಟಕಿ ಕಡೆ ತಿರುಗಿ “ನನಗೆ ಡಾಕ್ಟರಮ್ಮನ ಮೇಲೆ ಸಿಟ್ಟಿಲ್ಲ” ಎಂದಿದ್ದು ಈಗ ಅರ್ಥವಾಗುತ್ತಿದೆ. ನಾನು ಅದನ್ನು ದೊಡ್ಡತನ ಎಂದುಕೊಂಡಿದ್ದೆ. ಸ್ಯಾಮ್ ಸ್ನೀಡ್ ಕಥೆಯೂ ಹಾಗಾದರೆ ಅಕ್ಕನ ಸಮಜಾಯಿಷಿಯೇ? ಜೊತೆಗಾರ್ತಿಯ ಮಾತು ಮೀರಿ ಕೊಟ್ಟರೆ ಸ್ವಂತ ಪಾಳಯದಲ್ಲೇ ಮುನಿಸು ಎಂದೇ?

ಗ್ರೂಪಿನಲ್ಲಿ ಇವತ್ತು ಸ್ಕೋರ್ ಬಂದಿಲ್ಲ. ಶನಿವಾರ ಸಂಜೆ ಡಾಕ್ಟರಮ್ಮ ಕಾರ್ಡಿನ ಫೋಟೋ ಹಾಕುವುದು ತಪ್ಪಿದ್ದಿಲ್ಲ. ಲಾಯರಮ್ಮ ಓದಿದ ಗುರುತೂ ಇಲ್ಲ. ಅಕ್ಕ ಎಂದಿನಂತೆ ಯಾವುದೋ ಕಾಫಿ ಹೂವಿನ ಚಿತ್ರ ಕಳಿಸಿದ್ದಾರೆ, ಅದಕ್ಕೆ ಯಾರೂ ಹೆಬ್ಬೆರಳು ಎತ್ತಿಲ್ಲ. ನಾನು ಎತ್ತಿದರೆ ಪಕ್ಷ ಹಿಡಿದಂತೆ.

ಮುಂದಿನ ಶನಿವಾರ ನಾಲ್ಕೂ ಚೆಂಡು ಎಸೆದು, ಹತ್ತಿರ ಬಿದ್ದ ಎರಡನ್ನು ಜೋಡಿ ಮಾಡುತ್ತೇವೆ. ನಾನು ಡಾಕ್ಟರಮ್ಮನ ಜೊತೆ ಬಿದ್ದು, ಎದುರಿಗೆ ಲಾಯರಮ್ಮನ ಚೆಂಡು ಮತ್ತೆ ಅಷ್ಟೇ ದೂರದಲ್ಲಿ ನಿಂತರೆ? ಕೊಟ್ಟರೆ ಕರುಣೆ ತೋರಿಸಿದೆ ಎಂದು ಅವಳಿಗೆ ಸಿಟ್ಟು. ಕೊಡದಿದ್ದರೆ ಕಾರಿನಲ್ಲಿ ಒಟ್ಟಿಗೆ ಮನೆಗೆ ಬರಬೇಕು. ಈಗಲೇ ಫೋನ್ ಮಾಡಿ ಕೇಳಿಬಿಡೋಣ ಎಂದರೆ ಹತ್ತೂವರೆ ಆಯಿತು, ಅದೂ ಅಲ್ಲದೆ ಅವಳು ಫೋನಿನಲ್ಲಿ ಏನು ಹೇಳಿದರೂ ಅದನ್ನು ಆಮೇಲೆ ಸಾಕ್ಷಿಯಾಗಿ ಎತ್ತಿ ಹಿಡಿಯುತ್ತಾಳೆ.