ಸೈಕಲ್ಲಿಗೆ ಕಟ್ಟುವ ಗಾಡಿ: ಕಡಿಮೆ ದುಡ್ಡಿನಲ್ಲಿ ಒಳ್ಳೆಯದನ್ನು ಹುಡುಕಿದ ಬಗೆ

ಜರ್ಮನಿಯ ಬವೇರಿಯಾ ರಾಜ್ಯದ ಎರ್ಲಾಂಗನ್ ಎಂಬ ಊರಿನಲ್ಲಿ ನಾವು ನೆಲೆಸಿ ನಾಲ್ಕು ವರ್ಷಗಳಾದವು. 1972ರಿಂದ 1996ರವರೆಗೆ ಇಲ್ಲಿನ ಮೇಯರ್ ಆಗಿದ್ದ ಡೀಟ್ಮಾರ್ ಹಾಲ್ವೇಗ್ ಅವರು ಸೈಕಲ್ ಸಂಚಾರಕ್ಕೆ ಕೊಟ್ಟ ಮಹತ್ವದಿಂದಾಗಿ ಊರಿನ ಬಹುಭಾಗವನ್ನು ಸೈಕಲ್ ದಾರಿಗಳಲ್ಲೇ ದಾಟಬಹುದು, ನೆಲವೂ ಹೆಚ್ಚಿನ ಕಡೆ ಸಮತಟ್ಟಾಗಿದೆ. ಹಾಗಾಗಿ ಕಾರು ಕೊಳ್ಳುವ ಯೋಚನೆಯನ್ನು ನಾವು ಕೈಬಿಟ್ಟಿದ್ದೆವು. ಆದರೆ ಮಗಳಿಗೆ ಐದು ತುಂಬಿ, ಮಗನಿಗೆ ಎರಡಾದ ಮೇಲೆ ಹಿಂದಿನ ಕ್ಯಾರಿಯರಿನ ಮೇಲಿನ ಒಂದೇ ಸೀಟು ಸಾಲದಾಯಿತು. ಇಲ್ಲಿ ಅಂಗಡಿಗಳು ರಾತ್ರಿ ಎಂಟಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯುವುದೇ ಇಲ್ಲ. ಆದ್ದರಿಂದ ವಾರದ ದಿನಸಿಯೆಲ್ಲ ಶನಿವಾರ ಒಂದೇ ಸಲಕ್ಕೆ ಮನೆ ಸೇರಬೇಕು. ಹತ್ತು ಕಿಲೋ ಸೋನಾ ಮಸೂರಿ, ಹಾಲು, ತರಕಾರಿ, ಜೊತೆಗೆ ಇಬ್ಬರು ಮಕ್ಕಳು. ಇಷ್ಟನ್ನೂ ಹೊರಬಲ್ಲ ಟ್ರೇಲರ್ ಒಂದನ್ನು, ಅಂದರೆ ಸೈಕಲ್ಲಿನ ಹಿಂದೆ ಕಟ್ಟಿ ಎಳೆಯುವ ಗಾಡಿಯನ್ನು, 350 ಯೂರೋ ಒಳಗೆ ಕೊಳ್ಳಬೇಕೆಂದು ನಾವಿಬ್ಬರೂ ನಿರ್ಧರಿಸಿದೆವು. ಆ ಹುಡುಕಾಟಕ್ಕೆ ಎರಡು ತಿಂಗಳು ಹಿಡಿಯಿತು. ಇದೇ ಅಗತ್ಯವಿರುವ ಇತರ ಪೋಷಕರಿಗೆ ಉಪಯೋಗವಾಗಲೆಂದು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. ಜರ್ಮನಿಯಲ್ಲಿ ಮಕ್ಕಳನ್ನು ಟ್ರೇಲರಿನಲ್ಲಿ ಕೂರಿಸಿ ಎಳೆಯುವವರಿಗೆ ಕನಿಷ್ಠ 16 ವರ್ಷ ತುಂಬಿರಬೇಕು, ಒಂದು ಟ್ರೇಲರಿನಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳು ಇರಬಾರದು, ಮತ್ತು ಅಂಗವೈಕಲ್ಯವಿರುವ ಮಕ್ಕಳನ್ನು ಹೊರತುಪಡಿಸಿದರೆ ಏಳು ವರ್ಷ ತುಂಬಿದವರನ್ನು ಕೂರಿಸುವಂತಿಲ್ಲ. ಟ್ರೇಲರ್ ಕೂಡ ಮಕ್ಕಳನ್ನು ಒಯ್ಯಲೆಂದೇ ಸಜ್ಜಾಗಿರಬೇಕು. ಸಾಮಾನು ಸಾಗಿಸುವ ಅಗ್ಗದ ಟ್ರೇಲರಿಗೆ ದಿಂಬು ಹಾಕಿ ಮಗುವನ್ನು ಕೂರಿಸುವುದು ತಪ್ಪು. ಗಂಟೆಗೆ 45 ಕಿಲೋಮೀಟರ್ ಓಡುವ ವೇಗದ ವಿದ್ಯುತ್ ಸೈಕಲ್ಲಿಗೆ ಮಕ್ಕಳ ಟ್ರೇಲರನ್ನು ಕಟ್ಟುವಂತೆಯೇ ಇಲ್ಲ. ಗಂಟೆಗೆ 25 ಕಿಲೋಮೀಟರ್ ವೇಗದವರೆಗೆ ನೆರವು ನೀಡುವ ಸಾಮಾನ್ಯ ವಿದ್ಯುತ್ ಸೈಕಲ್ಲಿಗೆ ಕಟ್ಟಬಹುದು, ಆದರೆ ಆ ಸೈಕಲ್ಲಿನ ಕೈಪಿಡಿ ಅದಕ್ಕೆ ಒಪ್ಪಿದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಬೆಲೆ. ಕ್ರೂಸರ್, ಥೂಲೆ, ಕ್ವೆರಿಡೂ, ಬರ್ಲಿ ಇವು ಇಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಇಂಥ ಕಂಪನಿಗಳ ಎರಡು ಸೀಟಿನ ಹೊಸ ಟ್ರೇಲರುಗಳಲ್ಲಿ ನಾನು ಅಂಗಡಿಯಲ್ಲಿ ಮುಟ್ಟಿ ನೋಡಿದ ಹಲವುಗಳ ಬೆಲೆ ಒಂದು ಸಾವಿರ ಯೂರೋ ಆಸುಪಾಸಿನಲ್ಲಿತ್ತು. ಅದೇ ಹೊತ್ತಿಗೆ ಅಂತರ್ಜಾಲದಲ್ಲಿ 150ರಿಂದ 200 ಯೂರೋಗೆ, ಚಿತ್ರದಲ್ಲಿ ಅವುಗಳಂತೆಯೇ ಕಾಣುವ ಹೊಚ್ಚಹೊಸ ಟ್ರೇಲರುಗಳಿದ್ದವು. ಐದು ಪಟ್ಟು ವ್ಯತ್ಯಾಸ ಯಾತಕ್ಕೆಂದು ತಿಳಿಯದೆ ದುಡ್ಡು ಹಾಕುವುದು ಬೇಡವೆಂದು, ಅಂಥದ್ದೊಂದನ್ನು ಕೊಂಡಿದ್ದ ನೆರೆಮನೆಯವರಿಂದ ಒಂದು ವಾರದ ಮಟ್ಟಿಗೆ ಎರವಲು ತಂದೆ.

ಆ ವಾರ ನನಗೆ ಬಹಳಷ್ಟನ್ನು ಕಲಿಸಿತು. ಅದರ ತಳ ಬರೀ ಬಟ್ಟೆಯದು. ಮಗಳು ಕಾಲೂರಿ ಹತ್ತಿದೊಡನೆ ಅದು ತೊಟ್ಟಿಲಿನಂತೆ ಜೋತು, ನೆಲಕ್ಕೂ ಅದಕ್ಕೂ ನಡುವೆ ನಾಲ್ಕು ಬೆರಳಿನ ಅಂತರ ಮಾತ್ರ ಉಳಿಯಿತು. ದಾರಿಯಲ್ಲೊಂದು ಕಲ್ಲು ಎದ್ದಿದ್ದರೆ ಪಾದಕ್ಕೇ ತಾಗುತ್ತಿತ್ತು. ಭುಜದ ಬೆಲ್ಟನ್ನು ಎಷ್ಟು ಬಿಗಿದರೂ ಬಕಲ್ಲಿನಲ್ಲಿ ಅದು ಜಾರುತ್ತಿತ್ತು, ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಮಗ ಒಂದು ತೋಳನ್ನು ಹೊರಗೆಳೆದುಕೊಂಡಿದ್ದ. ರಿಮ್ಮು ಪ್ಲಾಸ್ಟಿಕ್ಕಿನದು. ಚಕ್ರವನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿದರೆ ಅಚ್ಚಿನ ಬಳಿ ಕಟಕಟ ಎನ್ನುತ್ತಿತ್ತು. ಬೆಲೆಯ ವ್ಯತ್ಯಾಸ ಇರುವುದು ಚಿತ್ರದಲ್ಲಿ ಕಾಣದ ಈ ಜಾಗಗಳಲ್ಲಿ. ಬರೀ ದಿನಸಿ ತರುವುದಾದರೆ ಅಂಥ ಟ್ರೇಲರ್ ಧಾರಾಳವಾಗಿ ಸಾಕು, ದುಡ್ಡೂ ಉಳಿಯುತ್ತದೆ. ಮಗುವನ್ನು ಮಾತ್ರ ನಾನು ಅದರಲ್ಲಿ ಕೂರಿಸಲಾರೆ. ಹಾಗಾಗಿ, ಕಡಿಮೆ ಬೆಲೆಗೆ ಹೊಸದನ್ನು ಕೊಳ್ಳುವುದಕ್ಕಿಂತ ಗಟ್ಟಿಯಾಗಿ ಕಟ್ಟಿದ ಹಳೆಯದನ್ನು ಕೊಳ್ಳುವುದೇ ಸರಿ ಎಂಬ ತೀರ್ಮಾನಕ್ಕೆ ಬಂದೆ, ಇಂದಿಗೂ ಅದನ್ನು ಬದಲಿಸುವ ಕಾರಣ ನನಗೆ ಕಂಡಿಲ್ಲ.

ಹಳೆಯದನ್ನು ನೋಡಲು ಹೋದಾಗ ಬಟ್ಟೆಯ ಕೊಳೆಯನ್ನು ನೋಡಿ ಹಿಂಜರಿಯಬೇಡಿ. ಕೊಳೆ ಹೋಗುತ್ತದೆ, ಬಿಸಿಲಿನಲ್ಲಿ ಬೆಂದ ಬಟ್ಟೆ ಮಾತ್ರ ಸರಿಹೋಗುವುದಿಲ್ಲ. ನಾನು ನೋಡಿದ ಮೊದಲನೆಯ ಟ್ರೇಲರ್ ವರ್ಷಗಟ್ಟಲೆ ಬಾಲ್ಕನಿಯಲ್ಲಿ ನಿಂತಿತ್ತು. ಬೆಲ್ಟು ಹೊಲಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದಾಗ ದಾರ ಪುಡಿಯಾಗಿ ಉದುರಿತು, ಅದನ್ನು ಅಲ್ಲೇ ಬಿಟ್ಟು ಬಂದೆ. ಎರಡನೆಯದರ ಚೌಕಟ್ಟಿನ ಕೊಳವೆ ಒಂದು ಕಡೆ ಸ್ವಲ್ಪ ಬಾಗಿತ್ತು, ಒಮ್ಮೆ ಉರುಳಿರಬೇಕು. ಮೂರನೆಯದು ಪಕ್ಕದ ಫ್ಯೂರ್ತ್ ಊರಿನ ಒಬ್ಬ ತಾಯಿಯ ನೆಲಮಾಳಿಗೆಯಲ್ಲಿ ಸಿಕ್ಕಿತು. ಎಂಟು ವರ್ಷ ಹಳೆಯದಾದರೂ ತಳ ಗಟ್ಟಿ ಹಲಗೆಯಂತಿತ್ತು, 20 ಇಂಚಿನ ಚಕ್ರಗಳಿಗೆ ಲೋಹದ ರಿಮ್ಮು, ಮಗುವಿನ ತಲೆಗಿಂತ ಎತ್ತರಕ್ಕೆ ಕಮಾನಿನಂತೆ ಬಾಗಿದ ಅಲ್ಯೂಮಿನಿಯಂ ಕೊಳವೆ, ಭುಜ, ಸೊಂಟ, ಕಾಲ ಸಂದು ಸೇರಿ ಐದು ಕಡೆ ಬಿಗಿಯುವ ಬೆಲ್ಟು. ಯುರೋಪಿನ ಸೈಕಲ್ ಟ್ರೇಲರುಗಳ ಸುರಕ್ಷತಾ ಮಾನದಂಡವಾದ ಇಎನ್ 15918 ಎಂಬ ಅಂಕಿ ಅದರ ಚೀಟಿಯಲ್ಲಿ ಇನ್ನೂ ಓದುವಂತಿತ್ತು. ಬೆನ್ನ ಹಿಂದಿನ ಬಟ್ಟೆ ಹೆಲ್ಮೆಟ್ಟಿಗೆ ಜಾಗ ಬಿಡುವಂತೆ ಸಡಿಲವಾಗಿತ್ತು. ಇದು ಸಣ್ಣ ವಿಷಯವಲ್ಲ. ಆ ಜಾಗವಿಲ್ಲದಿದ್ದರೆ ಹೆಲ್ಮೆಟ್ ಮಗುವಿನ ತಲೆಯನ್ನು ಮುಂದಕ್ಕೆ ದೂಡುತ್ತಲೇ ಇರುತ್ತದೆ, ಮಗು ಅದನ್ನು ಕಿತ್ತು ಹಾಕುತ್ತದೆ. 280 ಯೂರೋ ಕೊಟ್ಟು ತಂದೆವು.

ಬೆಲೆ ಅಲ್ಲಿಗೇ ಮುಗಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಟ್ರೇಲರಿನ ಕೊಂಡಿಯನ್ನು ಸೈಕಲ್ಲಿನ ಹಿಂಚಕ್ರದ ಅಚ್ಚಿಗೆ ಸಿಕ್ಕಿಸುತ್ತಾರೆ. ಹಳೆಯ ಬಗೆಯ ನಟ್ಟಿನ ಅಚ್ಚಾದರೆ ಕಷ್ಟವಿಲ್ಲ. ನನ್ನದು ಹೊಸ ಬಗೆಯ, ಚೌಕಟ್ಟಿನ ಆರಪಾರ ಹಾದುಹೋಗುವ 12 ಮಿಲಿಮೀಟರ್ ದಪ್ಪದ ಅಚ್ಚು. ಇದಕ್ಕೆ ಬೇರೆಯೇ ಉದ್ದನೆಯ ಅಚ್ಚು ಬೇಕು, ಅದರಲ್ಲೂ ಥ್ರೆಡ್ಡಿನ (ತುದಿಯ ತಿರುಪಿನ ಸುರುಳಿಯ) ಅಂತರ 1.0, 1.5, 1.75 ಮಿಲಿಮೀಟರ್ ಎಂದು ಮೂರು ಬಗೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಿಮ್ಮ ಸೈಕಲ್ಲಿನ ಅಚ್ಚನ್ನು ಬಿಚ್ಚಿ, ಅದರ ಮೇಲೆ ಕೊರೆದಿರುವ ಅಂಕಿಗಳ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ನನಗೆ ಅದಕ್ಕೆ 48 ಯೂರೋ ಹಿಡಿಯಿತು. ಸೀಟಿನ ಕೆಳಗಿನ ಕೊಳವೆಗೆ ಕಟ್ಟುವ ಎತ್ತರದ ಕೊಂಡಿಗಳೂ ಇವೆ, ಆದರೆ ಟ್ರೇಲರಿನ ಎಳೆತ ಮೇಲಿನಿಂದ ಬಂದಷ್ಟೂ ಸೈಕಲ್ ಹೆಚ್ಚು ತೂಗಾಡುತ್ತದೆ. ಮಕ್ಕಳನ್ನು ಎಳೆಯುವವರಿಗೆ ಅಚ್ಚಿನ ಮಟ್ಟದ ಕೊಂಡಿಯೇ ಒಳ್ಳೆಯದು. ಆ ಕೊಂಡಿ ಎಲ್ಲ ದಿಕ್ಕಿಗೂ ಹೊರಳುವಂತಿರುತ್ತದೆ, ಹಾಗಾಗಿ ಸೈಕಲ್ ಮಗುಚಿದರೂ ಟ್ರೇಲರ್ ನಿಂತಿರುತ್ತದೆ. ಕೊಂಡಿ ಕಳಚಿದರೂ ಟ್ರೇಲರ್ ದೂರ ಸರಿಯದಂತೆ ಚೌಕಟ್ಟಿಗೆ ಸುತ್ತುವ ಒಂದು ಪಟ್ಟಿ ಇರುತ್ತದೆ. ಹಳೆಯದನ್ನು ಕೊಂಡವರು ಆ ಪಟ್ಟಿಯನ್ನು ಕಣ್ಣುಮುಚ್ಚಿ ಹೊಸದಾಗಿ ಬದಲಿಸಿ. ನಮ್ಮ ಟ್ರೇಲರಿನ ಅಗಲ 60 ಸೆಂಟಿಮೀಟರಿಗಿಂತ ಹೆಚ್ಚಿರುವುದರಿಂದ ಹಿಂದೆ ಎಡಬದಿಗೆ ಕೆಂಪು ದೀಪವೂ ಬೇಕಿತ್ತು. ಜೊತೆಗೆ, ಇತರರ ಕಣ್ಣಿಗೆ ಬೀಳಲೆಂದು ಒಂದು ಬಾವುಟ. ಎಲ್ಲ ಸೇರಿ 350ಕ್ಕೆ ಬಂದು ನಿಂತಿತು.

ಅಗಲದ ವಿಷಯದಲ್ಲಿ ಒಂದು ಮಾತು: ಕೊಳ್ಳುವ ಮೊದಲು ಮನೆಯ ಬಾಗಿಲುಗಳನ್ನು ಅಳೆಯಿರಿ. ನಮ್ಮ ಕಟ್ಟಡದ ಸೈಕಲ್ ಕೋಣೆಯ ಬಾಗಿಲು 82 ಸೆಂಟಿಮೀಟರ್, ಟ್ರೇಲರ್ 87. ಒಂದು ಗುಂಡಿ ಒತ್ತಿದರೆ ಚಕ್ರ ಕಳಚುವ ಬಗೆಯದಾದ್ದರಿಂದ ಬಚಾವಾದೆವು.

ಇನ್ನು ಹೊರೆ ಹೇರುವ ವಿಷಯ, ಈ ಬರಹದಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸೀಟುಗಳ ಹಿಂದೆ ಒಂದು ದೊಡ್ಡ ಚೀಲದಂಥ ಜಾಗ ಇರುತ್ತದೆ. ದಿನಸಿಗೆಂದೇ ಕೊಟ್ಟಂತೆ ಕಾಣುವ ಆ ಜಾಗ ಚಕ್ರದ ಅಚ್ಚಿನ ಹಿಂದಕ್ಕಿದೆ. ಮೊದಲ ಶನಿವಾರ ಹತ್ತು ಕಿಲೋ ಅಕ್ಕಿ ಚೀಲವನ್ನೂ ಹಾಲಿನ ಪೊಟ್ಟಣಗಳನ್ನೂ ಅಲ್ಲೇ ಇಟ್ಟೆ. ಮಕ್ಕಳು ಕುಳಿತಿರುವಾಗ ಏನೂ ತಿಳಿಯಲಿಲ್ಲ, ಸೈಕಲ್ಲಿನ ಹಿಂಬದಿ ಮಾತ್ರ ಹಗುರವಾದಂತೆ, ತಿರುವಿನಲ್ಲಿ ಜಾರುವಂತೆ ಅನ್ನಿಸುತ್ತಿತ್ತು. ಮನೆಯ ಮುಂದೆ ನಿಲ್ಲಿಸಿ, ಕೊಂಡಿ ಬಿಚ್ಚಿ, ಮಗಳನ್ನು ಇಳಿಸಿದ ಮರುಕ್ಷಣ ಟ್ರೇಲರಿನ ಮುಂಭಾಗ ಮೇಲೆದ್ದು ಹಿಂದಕ್ಕೆ ವಾಲಿತು. ಮಗ ಬೆಲ್ಟಿನಲ್ಲಿ ಬಿಗಿಯಾಗಿ ಕುಳಿತಿದ್ದರಿಂದ ಅವನಿಗೆ ಏನೂ ಆಗಲಿಲ್ಲ, ಆದರೆ ಆಕಾಶ ನೋಡುತ್ತಾ ಮಲಗಿದಂತಾದ ಅವನ ಮುಖದ ಗಾಬರಿ ನನ್ನ ಕಣ್ಣಿನಿಂದ ಹಲವು ದಿನ ಹೋಗಲಿಲ್ಲ.

ಮಂಡ್ಯದ ಕಡೆಯ ನಮ್ಮ ತಾತ ಎತ್ತಿನ ಗಾಡಿಗೆ ಕಬ್ಬು ಹೇರಿಸುವಾಗ ಒಂದು ಕೈಯಲ್ಲಿ ಮೂಕಿಯನ್ನು, ಅಂದರೆ ನೊಗ ಕಟ್ಟುವ ಮುಂದಿನ ಉದ್ದನೆಯ ಮರವನ್ನು, ಎತ್ತಿ ತೂಗಿ ನೋಡುತ್ತಿದ್ದರು. ಹಿಂದೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗಕ್ಕೆ ಕಟ್ಟಿದ ಕೊರಳಹಗ್ಗ ಎತ್ತುಗಳ ಗಂಟಲನ್ನು ಕೆಳಗಿನಿಂದ ಒತ್ತುತ್ತದೆ. ಮುಂದೆ ಹೆಚ್ಚಾದರೆ ಭಾರ ಎತ್ತುಗಳ ಹೆಗಲ ಮೇಲೆ ಬೀಳುತ್ತದೆ. ಎರಡು ಚಕ್ರದ ಯಾವ ಗಾಡಿಗೂ ಲೆಕ್ಕ ಇದೊಂದೇ. ಈಗ ನಾನೂ ಹೊರಡುವ ಮೊದಲು ಟ್ರೇಲರಿನ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತೇನೆ. ನಾಲ್ಕೈದು ಕಿಲೋ ಭಾರ ಕೈಗೆ ಹತ್ತಬೇಕು. ಅಕ್ಕಿ ಚೀಲವನ್ನು ಮಕ್ಕಳ ಕಾಲ ಬುಡದಲ್ಲಿ ಅಚ್ಚಿಗೆ ಹತ್ತಿರವಾಗಿ ಮಲಗಿಸಿ ಅಲುಗದಂತೆ ಕಟ್ಟುತ್ತೇನೆ, ಹಿಂದಿನ ಚೀಲಕ್ಕೆ ಸೊಪ್ಪು, ಬ್ರೆಡ್ಡು, ಮಕ್ಕಳ ಜಾಕೆಟ್ಟು ಹೋಗುತ್ತವೆ. ಗಾಜಿನ ಬಾಟಲಿಗಳನ್ನು ಮಕ್ಕಳ ಬಳಿ ಇಡುವುದೇ ಇಲ್ಲ. ನೀರಿನ ಬಾಟಲಿಗಳ ಕ್ರೇಟು ಒಂದೇ ಹದಿನೈದು ಕಿಲೋ ಮೀರುವುದರಿಂದ, ಅದನ್ನು ತರಲು ಮಕ್ಕಳಿಲ್ಲದೆ ಬೇರೆ ಸುತ್ತು ಹೋಗುತ್ತೇವೆ. ಇಳಿಸುವಾಗ ಮೊದಲು ಹಿಂದಿನ ಸಾಮಾನು, ಆಮೇಲೆ ಮಕ್ಕಳು, ಕೊನೆಗೆ ಕೊಂಡಿ.

ಹೊಸದಾಗಿ ಕೊಂಡವರು ಮೊದಲ ಎರಡು ದಿನ ಮಕ್ಕಳ ಬದಲು ಅಕ್ಕಿ ಚೀಲಗಳಿಗೆ ಬೆಲ್ಟು ಹಾಕಿ ಓಡಿಸಿ ನೋಡುವುದು ಒಳಿತು. ತಿರುವಿನಲ್ಲಿ ಟ್ರೇಲರಿನ ಒಳಚಕ್ರ ಸೈಕಲ್ಲಿಗಿಂತ ಮೂಲೆಗೆ ಹತ್ತಿರವಾಗಿ ಹಾಯುತ್ತದೆ. ವೇಗವಾಗಿ ತಿರುಗಿಸುವಾಗ ಆ ಚಕ್ರ ಫುಟ್‌ಪಾತಿನ ಅಂಚನ್ನು ಹತ್ತಿದರೆ ಟ್ರೇಲರ್ ಉರುಳಬಹುದು. ಬ್ರೇಕು ಹಿಡಿದಾಗ ಹಿಂದಿನ ಭಾರ ದೂಡುವುದರಿಂದ ನಿಲ್ಲಲು ಹೆಚ್ಚು ದೂರ ಬೇಕು.

ಬೆಂಗಳೂರಿನಲ್ಲಿರುವ ತಂಗಿ, "ಅಕ್ಕ, ನಾನೂ ಒಂದು ತರಿಸಿಕೊಳ್ಳಲಾ?" ಎಂದು ಕೇಳಿದ್ದಳು. ಬಡಾವಣೆಯ ಒಳರಸ್ತೆಯಲ್ಲಿ, ಕೆರೆಯ ಸುತ್ತಲ ದಾರಿಯಲ್ಲಿ ಆಗಬಹುದು ಎಂದೆ. ಬಸ್ಸು, ಲಾರಿ ಓಡುವ ರಸ್ತೆಗೆ ಇಳಿಸುವುದು ಬೇಡವೇ ಬೇಡ; ಮಗು ಕೂರುವ ಎತ್ತರ ಆ ಚಾಲಕರ ಕಣ್ಣಿಗೆ ಬೀಳುವುದಿಲ್ಲ, ಬಾವುಟವೊಂದನ್ನು ನಂಬಿ ಹೋಗುವ ರಸ್ತೆಗಳಲ್ಲ ಅವು.

ಇನ್ನೆರಡು ವರ್ಷದೊಳಗೆ ಮಗಳಿಗೆ ಏಳು ತುಂಬುತ್ತದೆ, ಅವಳು ತನ್ನ ಸೈಕಲ್ಲಿನಲ್ಲಿ ಬರುತ್ತಾಳೆ. ಆಗ ಮಗನೊಬ್ಬನೇ ಒಂದು ಬದಿಗೆ ಕುಳಿತರೆ ಭಾರ ಆ ಕಡೆಗೇ ಎಳೆಯುತ್ತದೆ. ಎರಡು ಸೀಟಿನ ಕೆಲವು ಟ್ರೇಲರುಗಳಲ್ಲಿ ಬೆಲ್ಟುಗಳನ್ನು ಬದಲಿಸಿ ಒಂದೇ ಮಗುವನ್ನು ನಡುವೆ ಕೂರಿಸುವ ಏರ್ಪಾಡು ಇರುತ್ತದೆ. ಫ್ಯೂರ್ತ್‌ನ ಆ ನೆಲಮಾಳಿಗೆಯಲ್ಲಿ ನಾನು ನೋಡದೆ ಬಿಟ್ಟದ್ದು ಅದೊಂದನ್ನು. ನಮ್ಮದರಲ್ಲಿ ಅದಿಲ್ಲ, ನೀವು ಕೊಳ್ಳುವ ಮೊದಲು ಸೀಟಿನ ಬಟ್ಟೆಯನ್ನು ಎತ್ತಿ, ನಡುವೆ ಬೆಲ್ಟು ತೂರಿಸುವ ಸೀಳುಗಳಿವೆಯೇ ಎಂದು ನೋಡಿಕೊಳ್ಳಿ.