ಸಲಹೆಗಾರರ ಬಿಲ್ಲು: ಯಾವ ಕಾಗದ ಕೇಳಬೇಕು?

ಕರ್ನಾಟಕದ ಇಲಾಖೆಯೊಂದು ಖಾಸಗಿ ಸಲಹಾ ಸಂಸ್ಥೆಗೆ ಎಷ್ಟು ಕೊಟ್ಟಿತು ಎಂದಷ್ಟೇ ತಿಳಿದರೆ ಸಾಲದು, ಯಾವ ಕೆಲಸಕ್ಕೆ ಕೊಟ್ಟಿತು ಎಂಬುದು ಗೊತ್ತಾಗಬೇಕು. ಟೆಂಡರ್ ಕರೆದಿಲ್ಲವೇ? ಸರ್ಕಾರಿ ಖರೀದಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯ ಸೆಕ್ಷನ್ 4(ಜಿ) ಅಡಿ ಟೆಂಡರ್‌ನಿಂದ ವಿನಾಯಿತಿ ಕೊಟ್ಟ ಅಧಿಸೂಚನೆಯನ್ನು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಯಲ್ಲಿ ಮೊದಲು ಕೇಳಿ. ಜೊತೆಗೆ ಕರಾರು ಪತ್ರ, ತಜ್ಞರೊಬ್ಬರಿಗೆ ತಿಂಗಳಿಗೆ ಎಷ್ಟು ಎಂಬ ದರಪಟ್ಟಿ, ಸಲ್ಲಿಸಿದ ವರದಿಗಳು, ಅವಧಿ ವಿಸ್ತರಣೆಯ ಆದೇಶಗಳು. ವಿಸ್ತರಣೆಯನ್ನೇ ಹೆಚ್ಚು ಕೆದಕಬೇಕು ಎನ್ನುತ್ತೇನೆ: ಹೊಸ ವರದಿಯಿಲ್ಲದೆ ಹಳೆಯ ದರದಲ್ಲೇ ಬಿಲ್ಲು ಪಾಸಾಗಲು ಅಲ್ಲೇ ದಾರಿ.

ಆರ್‌ಟಿಐ ಅರ್ಜಿಗೆ 10 ರೂಪಾಯಿ. ಒಂದೇ ವಿಷಯ, 150 ಪದಗಳ ಮಿತಿ. ‘ಏಕೆ’ ಎಂದು ಕೇಳಿದರೆ ಉತ್ತರ ಬಾರದು, ದಾಖಲೆಯ ಪ್ರತಿಯನ್ನೇ ಕೇಳಿ. ವಾಣಿಜ್ಯ ಗೌಪ್ಯತೆಯೆಂದು ಆರ್‌ಟಿಐ ಕಾಯ್ದೆಯ ಸೆಕ್ಷನ್ 8(1)(ಡಿ) ತೋರಿಸಿ ನಿರಾಕರಿಸಿದರೆ, ಅದೇ ಕಾಯ್ದೆಯ ಸೆಕ್ಷನ್ 10ರಂತೆ ಗೌಪ್ಯ ಭಾಗ ತೆಗೆದು ಉಳಿದದ್ದನ್ನು ಕೊಡಿ ಎಂದು 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.