ಕ್ಯಾಲಿಫೋರ್ನಿಯಾದಲ್ಲಿ ಕಾರಿನ ಗಾಜು: ಎಲ್ಲಿ ಏನು ಅಂಟಿಸಬಹುದು, ಎಷ್ಟು ಕಪ್ಪು ಮಾಡಬಹುದು

ಮೊದಲು ಒಂದು ಟೇಪು ತಗೊಂಡು ನಿಮ್ಮ ಫೋನಿನ ಉದ್ದ ಅಳೆಯಿರಿ. 6.1 ಇಂಚಿನದು ಅಂತ ಕೊಂಡ ಐಫೋನು ಕೆಳಗಿಂದ ಮೇಲಕ್ಕೆ ಸುಮಾರು 14.7 ಸೆಂಟಿಮೀಟರ್ ಇರುತ್ತದೆ. ಮುಂದಿನ ಗಾಜಿನಲ್ಲಿ (ವಿಂಡ್‌ಶೀಲ್ಡ್) ಚಾಲಕನ ಕಡೆಯ ಕೆಳಮೂಲೆಯಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಬಿಟ್ಟುಕೊಟ್ಟಿರುವ ಜಾಗ 5 ಇಂಚಿನ ಚೌಕ, ಅಂದರೆ 12.7 ಸೆಂಟಿಮೀಟರ್. ಫೋನನ್ನು ನೆಟ್ಟಗೆ ನಿಲ್ಲಿಸಿ, ಅಡ್ಡ ಮಲಗಿಸಿ, ಹೇಗಿಟ್ಟರೂ ಅದು ಚೌಕದಿಂದ ಆಚೆ ಹೋಗುತ್ತದೆ. ಸ್ಟೀರಿಂಗಿನ ಎಡಕ್ಕೆ ಗಾಜಿಗೆ ಹೋಲ್ಡರ್ ಕಚ್ಚಿಸಿ ಓಡಾಡುವವರೆಲ್ಲ ಈ ಲೆಕ್ಕದಲ್ಲಿ ತಪ್ಪಿತಸ್ಥರೇ.

ಈ ಅಳತೆಗಳೆಲ್ಲ ಆ ರಾಜ್ಯದ ವಾಹನ ಕಾನೂನಾದ ವೆಹಿಕಲ್ ಕೋಡಿನ 26708ನೇ ಕಲಮಿನಲ್ಲಿವೆ. ಅದರ ಮೂಲ ಮಾತು ಗಾಜಿನ ಮೇಲೆ ಏನೂ ಇರಕೂಡದು ಎಂಬುದು, ಉಳಿದದ್ದೆಲ್ಲ ವಿನಾಯಿತಿ. ಜಿಪಿಎಸ್‌ಗೆ ಎರಡು ಜಾಗ: ಚಾಲಕನಿಂದ ದೂರದ ಕೆಳಮೂಲೆಯಲ್ಲಿ 7 ಇಂಚಿನ ಚೌಕ, ಹತ್ತಿರದ ಕೆಳಮೂಲೆಯಲ್ಲಿ 5 ಇಂಚಿನ ಚೌಕ. ಏರ್‌ಬ್ಯಾಗ್ ಅರಳುವ ದಾರಿಯಲ್ಲಿ ಅದು ಇರಬಾರದು, ಮತ್ತು ದಾರಿ ತೋರಿಸುವುದಕ್ಕೆ ಮಾತ್ರ ಬಳಕೆಯಾಗಬೇಕು. ಫೋನನ್ನು ಗಾಜಿಗೆ ಹಾಕುವುದಾದರೆ ಇದೇ ನಿಯಮ.

7 ಇಂಚಿನ ಮೂಲೆಯಲ್ಲಿ ಫೋನು ಹಿಡಿಸುತ್ತದೆ, ಆದರೆ ಅಗಲದ ಕಾರಿನಲ್ಲಿ ಕೈಗೆ ಎಟುಕುವುದಿಲ್ಲ. ಆದ್ದರಿಂದ ಫೋನನ್ನು ಗಾಜಿಗೆ ಹಾಕುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. 2017ರ ಜನವರಿ 1ರಿಂದ ಜಾರಿಯಲ್ಲಿರುವ 23123.5 ಕಲಮು ಡ್ಯಾಶ್‌ಬೋರ್ಡ್ ಅಥವಾ ನಡುವಿನ ಕನ್ಸೋಲಿಗೆ ಹೋಲ್ಡರ್ ಹಾಕಲು ಬಿಡುತ್ತದೆ. ರಸ್ತೆ ಮರೆಯಾಗಬಾರದು ಅಷ್ಟೆ. ಒಂದು ಸಲ ತಟ್ಟುವುದು ಇಲ್ಲವೇ ಒಂದು ಸಲ ಸರಿಸುವುದು, ಇಷ್ಟಕ್ಕೆ ಮಾತ್ರ ಬೆರಳು ತಾಗಬಹುದು. ವಿಳಾಸ ಟೈಪ್ ಮಾಡುವುದೇನಿದ್ದರೂ ಹೊರಡುವ ಮೊದಲೇ. ಕೈಯಲ್ಲಿ ಹಿಡಿದು ಮ್ಯಾಪ್ ನೋಡುವುದೂ ತಪ್ಪೇ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2025ರ ಜೂನ್‌ನಲ್ಲಿ ಹೇಳಿತು. ಮೂಲ ದಂಡ ಮೊದಲ ಸಲ 20 ಡಾಲರ್, ಆಮೇಲೆ 50. ಅದರ ಮೇಲೆ ಹೇರುವ ಶುಲ್ಕಗಳು ಸೇರಿದರೆ ಹಲವು ಪಟ್ಟು. 36 ತಿಂಗಳೊಳಗೆ ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸಿಗೆ ಒಂದು ಪಾಯಿಂಟು ಬೀಳುತ್ತದೆ, ಇನ್ಶೂರೆನ್ಸ್ ಏರುವುದು ಆಗ.

ಡ್ಯಾಶ್‌ಕ್ಯಾಮಿಗೆ ಆ ಎರಡು ಮೂಲೆಗಳ ಜೊತೆ ಇನ್ನೊಂದು ಜಾಗವುಂಟು: ಗಾಜಿನ ಮೇಲ್ತುದಿಯ ನಟ್ಟನಡುವೆ 5 ಇಂಚಿನ ಚೌಕ. ಕನ್ನಡಿಯ ಹಿಂದಿನ ಈ ಜಾಗವೇ ಎಲ್ಲಕ್ಕಿಂತ ಅನುಕೂಲ. ಟೋಲಿನ ಫಾಸ್ಟ್ರ್ಯಾಕ್ ಡಬ್ಬಿಯೂ ಅಲ್ಲೇ ಕೂರುವುದರಿಂದ ಜಾಗಕ್ಕೆ ಪೈಪೋಟಿ ಇದ್ದೇ ಇರುತ್ತದೆ. ಕ್ಯಾಮೆರಾ ಮಾತನ್ನೂ ರೆಕಾರ್ಡ್ ಮಾಡುವುದಾದರೆ ಹಾಗೆಂದು ಒಳಗೆ ಕಾಣುವಂತೆ ಚೀಟಿ ಹಾಕಬೇಕು. ಮೈಕ್ ಆಫ್ ಮಾಡಿಬಿಟ್ಟರೆ ತಲೆನೋವಿಲ್ಲ.

ಅಂಟಿಸುವಾಗ ಆಗುವ ಎಡವಟ್ಟು ಸಾಮಾನ್ಯವಾಗಿ ಒಂದೇ. ಗಾಜಿನ ಮೇಲಂಚಿನಲ್ಲಿ ಕಪ್ಪು ಚುಕ್ಕಿಗಳ ಪಟ್ಟಿ ಇರುತ್ತದಲ್ಲ, ಅಲ್ಲಿ ಮೈ ತರಿತರಿ, ಹೋಲ್ಡರಿನ ರಬ್ಬರ್ ಬಟ್ಟಲಿನೊಳಗೆ ಗಾಳಿ ನುಸುಳುತ್ತದೆ. ಬೆಳಗ್ಗೆ ಒತ್ತಿ ಕೂರಿಸಿದ್ದು ಮಧ್ಯಾಹ್ನದ ಬಿಸಿಲಿಗೆ ಕಳಚಿ ಮಡಿಲಿಗೆ ಬೀಳುತ್ತದೆ. ಚುಕ್ಕಿಯಿಲ್ಲದ ನುಣುಪು ಗಾಜು ಹುಡುಕಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಅಂಟಿಸಿ. ಫೋಮ್ ಟೇಪಾದರೆ ಚಳಿಯಲ್ಲಿ ಹಚ್ಚಬೇಡಿ. ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ, ಒಂದು ದಿನ ಕಳೆದ ಮೇಲೆ ಕ್ಯಾಮೆರಾ ತೂಗುಹಾಕಿ.

ಕನ್ನಡಿಗೆ ತೂಗುವ ರುದ್ರಾಕ್ಷಿ ಸರ, ಕೆಂಪು-ಹಳದಿ ಬಾವುಟ? ಚಾಲಕನ ನೋಟಕ್ಕೆ ಅಡ್ಡಬರುವ ಯಾವುದೂ ಅದೇ 26708ನೇ ಕಲಮಿನಡಿ ತಪ್ಪು. ಗಣಪನನ್ನು ಡ್ಯಾಶ್‌ಬೋರ್ಡಿನ ನಡುವೆ ಕೂರಿಸಿ. ಪಕ್ಕದ ಸೀಟಿನೆದುರಿನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಬೇಡ. ಅದು ತೆರೆದುಕೊಂಡರೆ ವಿಗ್ರಹ ಕಲ್ಲಿನಂತೆ ಮುಖಕ್ಕೆ ಹಾರುತ್ತದೆ.

ಇನ್ನು ಟಿಂಟ್, ಅಂದರೆ ಗಾಜು ಕಪ್ಪು ಮಾಡಲು ಫಿಲ್ಮ್ ಅಂಟಿಸುವುದು. ಅಂಗಡಿಯವರು ಹೇಳುವ ಪರ್ಸೆಂಟು ಒಳಗೆ ಬರುವ ಬೆಳಕಿನದು, ಕಪ್ಪಿನದಲ್ಲ. 5 ಪರ್ಸೆಂಟ್ ಅಂದರೆ ಕಡುಗಪ್ಪು, 70 ಅಂದರೆ ಹೆಚ್ಚುಕಡಿಮೆ ಬರಿಗಾಜು. ಚಾಲಕನ ಸೀಟಿನ ಹಿಂದಿನ ಗಾಜುಗಳು ಎಷ್ಟು ಕಪ್ಪಾದರೂ ಸರಿ, ಹೊರಗೆ ಎರಡೂ ಬದಿಗೆ ಕನ್ನಡಿ ಇರಬೇಕು. ಮುಂದಿನ ಎರಡು ಬಾಗಿಲ ಗಾಜಿಗೆ ಬಣ್ಣವಿಲ್ಲದ ಪಾರದರ್ಶಕ ಫಿಲ್ಮ್ ಮಾತ್ರ. ಫಿಲ್ಮ್ ಒಂದೇ ಕನಿಷ್ಠ 88 ಪರ್ಸೆಂಟ್ ಬೆಳಕು ಬಿಡಬೇಕು, ಗಾಜು ಸೇರಿ 70ಕ್ಕಿಂತ ಕೆಳಗೆ ಇಳಿಯಬಾರದು.

ಜನ ಮೋಸ ಹೋಗುವುದು ಈ ಗುಣಾಕಾರದಲ್ಲಿ. ಕಂಪನಿಯಿಂದ ಬಂದ ಗಾಜೇ ಸ್ವಲ್ಪ ಬೆಳಕು ತಿಂದಿರುತ್ತದೆ. ಅದು 80 ಪರ್ಸೆಂಟ್ ಬೆಳಕು ಬಿಟ್ಟರೆ 0.80 × 0.88 = 0.704, ಅಂದರೆ 70.4 ಪರ್ಸೆಂಟ್, ಪಾಸು. 78 ಬಿಟ್ಟರೆ 68.6, ಫೇಲು. ಡಬ್ಬಿಯ ಮೇಲೆ 88 ಎಂದು ಬರೆದಿದ್ದರೂ ಫೇಲೇ. ಅಂಟಿಸುವ ಮೊದಲು ಬರಿಗಾಜಿಗೆ ಮೀಟರ್ ಹಿಡಿದು ತೋರಿಸಿ ಅಂತ ಕೇಳಿ. ಒಲ್ಲೆನೆಂದರೆ ಬೇರೆ ಅಂಗಡಿ ನೋಡಿ. ‘70 ಪರ್ಸೆಂಟ್ ಫಿಲ್ಮ್, ಪೂರ್ತಿ ಲೀಗಲ್’ ಅಂತ ಮಾರುವವರ ಲೆಕ್ಕ ನಿಮಗೇ ಗೊತ್ತಾಯಿತಲ್ಲ, 80ರ ಗಾಜಿನ ಮೇಲೆ ಅದು 56. ಹಾಕಿದವರ ಮತ್ತು ಫಿಲ್ಮ್ ತಯಾರಕರ ಪೂರ್ತಿ ಹೆಸರು, ವಿಳಾಸ, ಅಂಗಡಿಯವರ ಸಹಿ ಇರುವ ಪ್ರಮಾಣಪತ್ರ ಕಾರಿನಲ್ಲಿರಬೇಕು. ಫಿಲ್ಮ್ ಹರಿದರೆ, ಗುಳ್ಳೆ ಎದ್ದರೆ ಕಿತ್ತು ಹಾಕಬೇಕೆಂಬುದೂ ಕಾನೂನೇ.

ವಿಂಡ್‌ಶೀಲ್ಡಿಗೆ ಮೇಲ್ಭಾಗದಲ್ಲೊಂದು ಪಟ್ಟಿಯಷ್ಟೆ. ಎಲ್ಲರೂ 4 ಇಂಚು ಅನ್ನುತ್ತಾರೆ, ಕಾನೂನಿನ ಅಳತೆಯೇ ಬೇರೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ ಸೀಟನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಕೆಳಕ್ಕೆ ತನ್ನಿ. ಯಾರೂ ಕೂರಬೇಡಿ. ಬೆನ್ನೊರಗಿನ ಬುಡದಿಂದ 5 ಇಂಚು ಮುಂದೆ ಗುರುತು ಮಾಡಿ, ಅಲ್ಲಿಂದ ನೇರ ಮೇಲಕ್ಕೆ 29 ಇಂಚು. ಆ ಎತ್ತರವನ್ನು ಮಟ್ಟಗೋಲು ಹಿಡಿದು ಗಾಜಿಗೆ ದಾಟಿಸಿದರೆ ಪಟ್ಟಿ ಅದಕ್ಕಿಂತ ಕೆಳಗೆ ಇಳಿಯಬಾರದು. ಕೆಂಪು, ಅಂಬರ್ ಬಣ್ಣ ಬೇಡ. ದೇವರ ಹೆಸರು, ಊರಿನ ಹೆಸರು ಹೀಗೆ ಬೆಳಕು ತೂರದ ಅಕ್ಷರವೂ ಬೇಡ.

ವಿಂಡ್‌ಶೀಲ್ಡಿಗೆ ಪೂರಾ ‘ಕ್ಲಿಯರ್ ಸೆರಾಮಿಕ್’ ಫಿಲ್ಮ್ ಹಾಕಿಕೊಡುತ್ತೇವೆ ಅನ್ನುವವರೂ ಇದ್ದಾರೆ. ಅದಕ್ಕೆ ಚರ್ಮವೈದ್ಯರ ಪ್ರಮಾಣಪತ್ರ ಬೇಕು. ಎರಡು ಪದರದ ಆ ಗಾಜು ನೇರಳಾತೀತ ಕಿರಣವನ್ನು ಬಹುಪಾಲು ತಾನೇ ತಡೆಯುತ್ತದೆ. ತೋಳು ಕಪ್ಪಾಗುವುದು ಪಕ್ಕದ ಗಾಜಿನಿಂದ. ಖರ್ಚು ಮಾಡುವುದಿದ್ದರೆ ಅಲ್ಲಿ ಮಾಡಿ. ಲೋಹದ ಪದರವಿರುವ ಅಗ್ಗದ ಫಿಲ್ಮಿಗಿಂತ ಸೆರಾಮಿಕ್ ಮೇಲು. ಲೋಹ ಜಿಪಿಎಸ್, ಫೋನ್ ಸಿಗ್ನಲಿಗೆ ಅಡ್ಡಬರುತ್ತದೆ. ಹಾಕಿದ ಮೇಲೆ ಮೂರ್ನಾಲ್ಕು ದಿನ ಗಾಜು ಇಳಿಸಬೇಡಿ, ಅಮೋನಿಯಾ ಇರುವ ದ್ರವದಿಂದ ಒರೆಸಬೇಡಿ.

ನಮ್ಮ ಭಾರತದ ನಿಯಮದಲ್ಲೂ ಮುಂದೆ-ಹಿಂದೆ 70 ಪರ್ಸೆಂಟ್, ಪಕ್ಕಕ್ಕೆ 50 ಎಂದಿದೆ. ಫಿಲ್ಮಿನ ಬಳಕೆಯನ್ನೇ 2012ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಅಮೆರಿಕದಲ್ಲಿ ರಾಜ್ಯಕ್ಕೊಂದು ನ್ಯಾಯ. ಮುಂದಿನ ಬಾಗಿಲ ಗಾಜಿಗೆ ಟೆಕ್ಸಾಸ್ 25, ಅರಿಝೋನಾ 33, ನೆವಾಡಾ 35, ನ್ಯೂಯಾರ್ಕ್ 70. ಟೆಕ್ಸಾಸಿನ ಡಾಲಸ್‌ನಲ್ಲಿ ಸರಿಯಿದ್ದ ಕಾರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದರೆ ಪೊಲೀಸರ ಚೀಟಿ ಸಿಗುವುದು ಹೀಗೆ. ಅದು ಸಾಮಾನ್ಯವಾಗಿ ಸರಿಪಡಿಸಿ ತೋರಿಸುವ ಚೀಟಿ: ಫಿಲ್ಮ್ ಕಿತ್ತು, ಪೊಲೀಸರ ಸಹಿ ಹಾಕಿಸಿ, ಕೋರ್ಟಿಗೆ 25 ಡಾಲರ್ ಕಟ್ಟಿದರೆ ಮುಗಿಯಿತು.

ಕೀಳುವಾಗ ಬ್ಲೇಡಿಗೆ ಕೈ ಹಾಕಬೇಡಿ. ಬಟ್ಟೆಯ ಸ್ಟೀಮರ್‌ನಿಂದ ಅಂಚಿಗೆ ಹಬೆ ಕೊಟ್ಟು, ಒಂದು ಮೂಲೆ ಎತ್ತಿ, ನಿಧಾನವಾಗಿ ಒಂದೇ ಹಾಳೆಯಾಗಿ ಎಳೆಯಿರಿ. ಉಳಿದ ಅಂಟಿಗೆ ಸೋಪುನೀರು ಸಾಕು. ಹಿಂದಿನ ಗಾಜಿನಲ್ಲಂತೂ ಎಳೆಯುವ ದಿಕ್ಕು ಮಂಜು ಕರಗಿಸುವ ಗೆರೆಗಳ ಉದ್ದಕ್ಕೇ ಇರಲಿ. ಒಂದು ಗೆರೆ ಕಡಿದರೂ ಚಳಿಗಾಲದ ಬೆಳಗಿನಲ್ಲಿ ಆ ಪಟ್ಟಿಯಷ್ಟು ಗಾಜು ಮಂಜಾಗಿಯೇ ಉಳಿಯುತ್ತದೆ.